ಮೊದಲು ನೋಟ್‌ಬುಕ್, ಆಮೇಲೆ ಅರ್ಜಿ: ಕೃಷಿ ಸ್ಕಾಲರ್‌ಶಿಪ್‌ಗೆ ತಯಾರಾಗುವುದು ಹೇಗೆ?

'ನನಗೆ ಚಿಕ್ಕಂದಿನಿಂದಲೂ ಕೃಷಿ ಎಂದರೆ ಪ್ರಾಣ.' ಕೃಷಿ ಸ್ಕಾಲರ್‌ಶಿಪ್ ಅರ್ಜಿಗಳಲ್ಲಿ ಪದೇ ಪದೇ ಕಣ್ಣಿಗೆ ಬೀಳುವ ಸಾಲು ಇದು. ಓದುವವರಿಗೆ ಇದರಿಂದ ಏನೂ ತಿಳಿಯುವುದಿಲ್ಲ. ಅದೇ ಜಾಗದಲ್ಲಿ 'ನೂರು ಬೀಜಗಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟೆ, ಎಂಟನೇ ದಿನ 62 ಮೊಳೆತಿದ್ದವು, ಅದಕ್ಕೇ ಆ ಚೀಲದ ಬೀಜ ಬಿತ್ತಲಿಲ್ಲ' ಎಂದಿದ್ದರೆ? ಓದುವವರು ಕುರ್ಚಿಯಲ್ಲಿ ನೆಟ್ಟಗೆ ಕೂರುತ್ತಾರೆ.

ಆ ಎರಡನೇ ಸಾಲು ಅರ್ಜಿ ತುಂಬುವ ದಿನ ತಲೆಗೆ ಹೊಳೆಯುವಂಥದ್ದಲ್ಲ. ಅದು ಬರುವುದು ನೋಟ್‌ಬುಕ್ಕಿನಿಂದ. ಆದ್ದರಿಂದ ಶುರು ಅಲ್ಲಿಂದಲೇ ಆಗಲಿ.

ಹೆಜ್ಜೆ 1: ಒಂದು ಸಣ್ಣ ಕೆಲಸ, ಒಂದು ದಾಖಲೆ

ಇದು ಹೊಸ ಉಪಾಯವೇನಲ್ಲ. 1902ರಲ್ಲಿ ಅಮೆರಿಕದ ಒಹಾಯೊ ರಾಜ್ಯದಲ್ಲಿ ಎ. ಬಿ. ಗ್ರಹಾಂ ಎಂಬ ಶಾಲಾ ಅಧಿಕಾರಿ ಹಳ್ಳಿ ಮಕ್ಕಳ ಕ್ಲಬ್ ಕಟ್ಟಿದರು. ಮಕ್ಕಳು ಮೆಕ್ಕೆಜೋಳ ಬೆಳೆದರು, ಮಣ್ಣು ಪರೀಕ್ಷೆ ಮಾಡಿದರು, ಕಂಡದ್ದನ್ನು ಬರೆದಿಟ್ಟರು. ಆ ಕಾಲದಲ್ಲಿ ಸಂಶೋಧನಾ ಕೇಂದ್ರಗಳು ಹೇಳುವ ಹೊಸ ಪದ್ಧತಿಯನ್ನು ದೊಡ್ಡವರು ಸುಲಭಕ್ಕೆ ನಂಬುತ್ತಿರಲಿಲ್ಲ. ಮಗ ತನ್ನ ತುಂಡು ಜಾಗದಲ್ಲಿ ಜಾಸ್ತಿ ಬೆಳೆ ತೆಗೆದಾಗ ಮಾತ್ರ ಅಪ್ಪ ಬೇಲಿ ಪಕ್ಕ ನಿಂತು ನೋಡುತ್ತಿದ್ದ. ಇಂಥ ಕ್ಲಬ್‌ಗಳಿಂದಲೇ ಮುಂದೆ 'ಫೋರ್-ಎಚ್' ಚಳವಳಿ ಬೆಳೆಯಿತು. ತಲೆ, ಹೃದಯ, ಕೈ, ಆರೋಗ್ಯ ಎಂಬುದಕ್ಕಿರುವ ನಾಲ್ಕು ಇಂಗ್ಲಿಷ್ ಪದಗಳ ಮೊದಲಕ್ಷರವೇ ಆ ಹೆಸರು.

1928ರಲ್ಲಿ ಅಮೆರಿಕದಲ್ಲೇ ಹುಟ್ಟಿದ, ಕೃಷಿ ಕಲಿಯುವ ವಿದ್ಯಾರ್ಥಿಗಳ 'ಎಫ್‌ಎಫ್‌ಎ' (ಫ್ಯೂಚರ್ ಫಾರ್ಮರ್ಸ್ ಆಫ್ ಅಮೆರಿಕ) ಸಂಘಟನೆ ಇದಕ್ಕೆ ಇನ್ನಷ್ಟು ಶಿಸ್ತು ತಂದಿತು. ಅಲ್ಲಿ ತರಗತಿಯ ಪಾಠದ ಜೊತೆ ಪ್ರತಿ ವಿದ್ಯಾರ್ಥಿಗೂ ಒಂದು ಸ್ವಂತ ಕೃಷಿ ಯೋಜನೆ ಇರಬೇಕು, ಅದರ ಲೆಕ್ಕಪುಸ್ತಕವೂ ಇರಬೇಕು. ಇದರಲ್ಲಿ ನನಗೆ ಇಷ್ಟವಾಗುವುದು ಒಂದು ವಿಷಯ. ಆ ಯೋಜನೆಗೆ ಸ್ವಂತ ಜಮೀನು ಬೇಕೇ ಬೇಕು ಅಂತಿಲ್ಲ. ಬೇರೆಯವರ ಹೊಲದಲ್ಲಿ ಕೆಲಸಕ್ಕೆ ಹೋಗಬಹುದು, ಒಂದು ಪ್ರಶ್ನೆ ಇಟ್ಟುಕೊಂಡು ಸಂಶೋಧನೆಯನ್ನೂ ಮಾಡಬಹುದು. ಹಾಗಾಗಿ 'ನಮ್ಮದು ರೈತರ ಮನೆಯಲ್ಲ' ಎಂದು ಹಿಂಜರಿಯಬೇಡಿ.

ನೋಟ್‌ಬುಕ್ಕಿನಲ್ಲಿ ಏನು ಬರೆಯಬೇಕು? ತಾರೀಕು, ಮಾಡಿದ್ದು, ಅಳತೆ, ಖರ್ಚು, ಆದದ್ದು. ಇಷ್ಟೇ. ಹೋಲಿಸಿ ನೋಡಿದರೆ ಇನ್ನೂ ಒಳ್ಳೆಯದು. ಒಂದು ಮಡಿಗೆ ಒಣ ಎಲೆ ಹೊದಿಸಿ, ಪಕ್ಕದ ಮಡಿಯನ್ನು ಹಾಗೇ ಬಿಡಿ. ಯಾವುದಕ್ಕೆ ಎಷ್ಟು ದಿನಕ್ಕೊಮ್ಮೆ ನೀರು ಬೇಕಾಯಿತು, ಬರೆಯಿರಿ. ಕೆಟ್ಟುಹೋದದ್ದನ್ನಂತೂ ಬಿಡಲೇಬೇಡಿ. ಸಂದರ್ಶನದಲ್ಲಿ ಅದೇ ಕೈ ಹಿಡಿಯುತ್ತದೆ.

ಹೆಜ್ಜೆ 2: ಯಾವ ಬಗೆಯ ನೆರವು ಬೇಕು?

ಸ್ಕಾಲರ್‌ಶಿಪ್ ಅಂದ ಕೂಡಲೇ ಕಾಲೇಜು ಫೀಸು ನೆನಪಾಗುತ್ತದೆ, ಅಲ್ವಾ? ಕೃಷಿಯಲ್ಲಿ ಅದು ಒಂದು ಬಗೆ ಮಾತ್ರ.

ಹೊಲದಲ್ಲೇ ಕೆಲಸ ಮಾಡುತ್ತಿರುವವರಿಗಾಗಿ ಇರುವ ನಫೀಲ್ಡ್ ಕೃಷಿ ಸ್ಕಾಲರ್‌ಶಿಪ್ ನೋಡಿ. 1947ರಲ್ಲಿ ಬ್ರಿಟನ್ನಿನಲ್ಲಿ ಶುರುವಾಗಿ, ಆಮೇಲೆ ಆಸ್ಟ್ರೇಲಿಯಾ, ನ್ಯೂಜಿಲೆಂಡ್, ಕೆನಡಾದಂಥ ದೇಶಗಳಿಗೂ ಹಬ್ಬಿತು. ಕಾರು ತಯಾರಕ ಲಾರ್ಡ್ ನಫೀಲ್ಡ್ ಅವರ ಹೆಸರು ಅದಕ್ಕಿದೆ. ಬ್ರಿಟನ್ನಿನಲ್ಲಿ ಇದಕ್ಕೆ ಪದವಿ ಕೇಳುವುದಿಲ್ಲ. ಒಂದು ವಿಷಯ ಆರಿಸಿಕೊಳ್ಳಬೇಕು, ಹಲವು ವಾರ ದೇಶ ದೇಶ ಸುತ್ತಿ ಬೇರೆ ರೈತರು ಅದನ್ನು ಹೇಗೆ ಮಾಡುತ್ತಾರೆ ಎಂದು ನೋಡಬೇಕು, ಬಂದು ವರದಿ ಬರೆಯಬೇಕು. ಆ ವರದಿಗಳನ್ನು ಯಾರು ಬೇಕಾದರೂ ಓದಬಹುದು. ಅರ್ಜಿ ಹಾಕದವರೂ ನಾಲ್ಕೈದು ಓದಿ, ಸಾರ್ಥಕ.

ಹೈಸ್ಕೂಲಿನವರ ದಾರಿ ಬೇರೆ. ಹಸಿರು ಕ್ರಾಂತಿಯ ಹರಿಕಾರ, ಗೋಧಿ ವಿಜ್ಞಾನಿ ನಾರ್ಮನ್ ಬೋರ್ಲಾಗ್ 1986ರಲ್ಲಿ ವಿಶ್ವ ಆಹಾರ ಪ್ರಶಸ್ತಿ ಹುಟ್ಟುಹಾಕಿದರು. ಮರುವರ್ಷ ಅದು ಮೊದಲು ಸಿಕ್ಕಿದ್ದು ನಮ್ಮ ಎಂ. ಎಸ್. ಸ್ವಾಮಿನಾಥನ್ ಅವರಿಗೆ. ಈ ಪ್ರಶಸ್ತಿ ಕೊಡುವ ಪ್ರತಿಷ್ಠಾನ ಹೈಸ್ಕೂಲು ಮಕ್ಕಳಿಗೆ ಒಂದು ಕೆಲಸ ಕೊಡುತ್ತದೆ: ಒಂದು ದೇಶ, ಅಲ್ಲಿನ ಆಹಾರದ ಒಂದು ಸಮಸ್ಯೆ ಆರಿಸಿಕೊಂಡು ಪ್ರಬಂಧ ಬರೆದು, ತಜ್ಞರ ಮುಂದೆ ಮಂಡಿಸುವುದು. ಹಾಗೆ ಬಂದವರಲ್ಲಿ ಕೆಲವರನ್ನು ಬೇರೆ ದೇಶಗಳ ಸಂಶೋಧನಾ ಕೇಂದ್ರಗಳಿಗೆ ಇಂಟರ್ನ್‌ಶಿಪ್‌ಗೆ ಕಳಿಸುತ್ತಾರೆ.

ಇವೆಲ್ಲ ಎಲ್ಲರಿಗೂ ತೆರೆದಿರುವ ಬಾಗಿಲುಗಳಲ್ಲ. ದೇಶ, ವಯಸ್ಸು, ಓದು ಎಲ್ಲದಕ್ಕೂ ಷರತ್ತಿದೆ. ಅರ್ಹತೆಯ ಪುಟವನ್ನು ಎರಡು ಸಲ ಓದಿ. ಹಣ ಬಂದಮೇಲೆ ಇಷ್ಟು ವರ್ಷ ಕೆಲಸ ಮಾಡಬೇಕು ಎಂಬ ಕರಾರು ಇದೆಯೇ, ಓದು ಅರ್ಧಕ್ಕೆ ಬಿಟ್ಟರೆ ವಾಪಸ್ ಕೊಡಬೇಕೇ ಎಂದು ಆಗಲೇ ನೋಡಿಕೊಳ್ಳಿ. 'ನೀವು ಆಯ್ಕೆಯಾಗಿದ್ದೀರಿ, ಮೊದಲು ಸ್ವಲ್ಪ ದುಡ್ಡು ಕಟ್ಟಿ' ಎಂದು ಯಾರಾದರೂ ಅಂದರೆ ಅಲ್ಲಿಗೇ ಫೋನಿಡಿ.

ಹೆಜ್ಜೆ 3: ನಾಯಕತ್ವಕ್ಕೆ ಅಧ್ಯಕ್ಷರೇ ಆಗಬೇಕಿಲ್ಲ

'ನಾಯಕತ್ವದ ಅನುಭವ' ಎಂಬ ಖಾಲಿ ಜಾಗ ಕಂಡರೆ ಎಷ್ಟೋ ಮಂದಿ ಹೆದರುತ್ತಾರೆ. ನನ್ನ ಅಭಿಪ್ರಾಯ ಕೇಳಿದರೆ, ಸಂಘದಲ್ಲಿ ಖಜಾಂಚಿ ಅಥವಾ ಕಾರ್ಯದರ್ಶಿ ಆಗುವುದೇ ಮೇಲು. ಅಧ್ಯಕ್ಷರಿಗೆ ಹಾರ ಸಿಗುತ್ತದೆ, ಖಜಾಂಚಿಗೆ ಲೆಕ್ಕ ಸಿಗುತ್ತದೆ. ಅರ್ಜಿಯಲ್ಲಿ ಬರೆಯಲು ಬರುವುದು ಲೆಕ್ಕವೇ. ಎಷ್ಟು ಹಣ ಬಂತು, ಯಾವುದಕ್ಕೆ ಹೋಯಿತು, ಜಗಳ ಬಂದಾಗ ಏನು ಮಾಡಿದಿರಿ?

ಎಫ್‌ಎಫ್‌ಎಯಲ್ಲಿ ಭಾಷಣದ ಸ್ಪರ್ಧೆ ಇರುವಂತೆ ಸಭೆ ನಡೆಸುವುದಕ್ಕೂ ಸ್ಪರ್ಧೆ ಇದೆ. ಕೇಳಿದರೆ ನಗು ಬರಬಹುದು. ಆದರೆ ಹತ್ತು ಜನ ಒಟ್ಟಿಗೆ ಮಾತಾಡುವ ಸಭೆಯನ್ನು ಅರ್ಧ ಗಂಟೆಯಲ್ಲಿ ಒಂದು ತೀರ್ಮಾನಕ್ಕೆ ತಂದು ನೋಡಿ, ಕಷ್ಟ ಗೊತ್ತಾಗುತ್ತದೆ.

ಸಂಘವೇ ಇಲ್ಲವೇ? ಮೂರು ಜನ ಸೇರಿ ಒಂದೇ ಪ್ರಯೋಗವನ್ನು ಮೂರು ಕಡೆ ಮಾಡಿ. ಅದೂ ನಡೆಯುತ್ತದೆ.

ಹೆಜ್ಜೆ 4: ಅರ್ಜಿ, ಶಿಫಾರಸು ಪತ್ರ

ಪ್ರಬಂಧಕ್ಕೆ ಕೂರುವಾಗ ನೋಟ್‌ಬುಕ್ ಪಕ್ಕದಲ್ಲಿರಲಿ. ಒಂದೇ ಘಟನೆ ತೆಗೆದುಕೊಂಡು ಅದನ್ನು ಪೂರ್ತಿ ಹೇಳಿ. ಏನು ಅಂದುಕೊಂಡಿರಿ, ಏನಾಯಿತು, ಆಮೇಲೆ ಏನು ಬದಲಿಸಿದಿರಿ? ಸಾಧನೆಗಳ ಪಟ್ಟಿಗೆ ಅರ್ಜಿಯಲ್ಲಿ ಬೇರೆ ಜಾಗ ಇರುತ್ತದೆ.

ಶಿಫಾರಸಿಗೆ ದೊಡ್ಡ ಹೆಸರಿನವರ ಹಿಂದೆ ಸುಮ್ನೆ ಅಲೆಯಬೇಡಿ. ನಿಮ್ಮ ಕೆಲಸ ಕಣ್ಣಾರೆ ಕಂಡ ಮೇಷ್ಟ್ರೋ ರೈತರೋ ಬರೆದ ಅರ್ಧ ಪುಟಕ್ಕೆ ಜಾಸ್ತಿ ತೂಕ. ಒಂದು ತಿಂಗಳು ಮೊದಲೇ ಕೇಳಿ. ನೀವು ಏನೇನು ಮಾಡಿದಿರಿ ಎಂದು ಒಂದು ಚೀಟಿ ಕೊಡಿ, ಅವರಿಗೂ ನೆನಪಿರಬೇಕಲ್ಲ.

ಕೊನೆಯ ದಿನಾಂಕ ಯಾವ ದೇಶದ ಗಡಿಯಾರದ ಪ್ರಕಾರ ಎಂದು ನೋಡಿ. ನಾನು ಒಮ್ಮೆ ರಾತ್ರಿ ಹನ್ನೆರಡರವರೆಗೆ ಸಮಯವಿದೆ ಎಂದು ಆರಾಮಾಗಿ ಕೂತಿದ್ದೆ. ಅಲ್ಲಿ ಹನ್ನೆರಡು ಹೊಡೆದು ಆಗಲೇ ನಾಲ್ಕು ಗಂಟೆಯಾಗಿತ್ತು.

ಹೆಜ್ಜೆ 5: ಸಂದರ್ಶನ, ಮತ್ತು ಉತ್ತರ ಬಂದಮೇಲೆ

ಎರಡು ಪ್ರಶ್ನೆಗೆ ತಯಾರಿರಿ. 'ನಿಮ್ಮ ಯೋಜನೆಯಲ್ಲಿ ಏನು ಕೆಟ್ಟಿತು?' ಮತ್ತು 'ಈ ಹಣ ಸಿಗದಿದ್ದರೆ ಏನು ಮಾಡುತ್ತೀರಿ?' ಎರಡನೆಯದಕ್ಕೆ 'ನಿಲ್ಲಿಸುತ್ತೇನೆ' ಎಂದು ಮಾತ್ರ ಹೇಳಬೇಡಿ. ಸಣ್ಣದಾಗಿ ಹೇಗೆ ಮುಂದುವರಿಸುತ್ತೀರಿ ಎಂಬುದನ್ನು ಖರ್ಚಿನ ಸಮೇತ ಹೇಳಿ. ಗೊತ್ತಿಲ್ಲದ್ದಕ್ಕೆ ಗೊತ್ತಿಲ್ಲ ಎನ್ನಿ.

ಸಿಕ್ಕರೆ ಹಣ ಕೊಟ್ಟವರಿಗೆ ಒಂದು ಪತ್ರ ಬರೆಯಿರಿ, ವರದಿಯನ್ನು ಹೇಳಿದ ದಿನಕ್ಕೆ ಕೊಡಿ. ಸಿಗದಿದ್ದರೆ ಎಲ್ಲಿ ಎಡವಿದೆ ಎಂದು ಮರ್ಯಾದೆಯಿಂದ ಕೇಳಿ. ಕೆಲವರು ಉತ್ತರಿಸುತ್ತಾರೆ, ಕೆಲವರು ಇಲ್ಲ. ವಯಸ್ಸಿನ ಮಿತಿ ಇನ್ನೂ ದಾಟಿಲ್ಲವಾದರೆ ಮುಂದಿನ ಸಲದ ತಾರೀಕನ್ನು ಅದೇ ನೋಟ್‌ಬುಕ್ಕಿನ ಕೊನೆ ಪುಟದಲ್ಲಿ ಬರೆದಿಡಿ. ಪಕ್ಕದಲ್ಲಿ, ಅಷ್ಟರೊಳಗೆ ಮಾಡಬೇಕಾದ ಹೊಸ ಪ್ರಯೋಗ ಯಾವುದು ಎಂದೂ ಇರಲಿ.