ಸೇಂಟ್ ಲೂಯಿಸ್‌ನ ಒಳಚರಂಡಿ ಬಾಂಡ್: ವೋಟು ಹಾಕುವ ಮುಂಚೆ ನೋಡಬೇಕಾದ್ದು

ಅಮೆರಿಕದ ಸಿಟಿಜನ್ ಆದ ನಮ್ಮವರು ಪ್ರೆಸಿಡೆಂಟ್ ಎಲೆಕ್ಷನ್ ಬಂದರೆ ತಪ್ಪಿಸುವುದಿಲ್ಲ. ಏಪ್ರಿಲ್‌ನ ಲೋಕಲ್ ಎಲೆಕ್ಷನ್ ಅಂದರೆ ಮಾತ್ರ ಮೈಮರೆವು. ಸೂವರ್ (ಒಳಚರಂಡಿ) ಬಿಲ್ಲು ಎಷ್ಟು ಏರಬೇಕು ಅನ್ನುವುದು ಬಹುಮಟ್ಟಿಗೆ ಅಲ್ಲೇ ತೀರ್ಮಾನವಾಗುತ್ತದೆ ಮಾರಾಯ್ರೆ! 2016ರ ಏಪ್ರಿಲ್‌ನಲ್ಲಿ ಜನ ಒಪ್ಪಿದ್ದು 90 ಕೋಟಿ ಡಾಲರ್ ಬಾಂಡು, ಅಂದರೆ ಒಳಚರಂಡಿ ಕೆಲಸಕ್ಕೆ ಎತ್ತುವ ಸಾಲ.

ನಮ್ಮ ಮಿಸ್ಸೂರಿ ರಾಜ್ಯದಲ್ಲಿ ಹೆಸರು ನೋಂದಾಯಿಸಲು ಎಲೆಕ್ಷನ್‌ಗೆ ಹಿಂದಿನ ನಾಲ್ಕನೇ ಬುಧವಾರವೇ ಕಡೇ ದಿನ. ಅದಾದ ಮೇಲೆ ಸ್ಯಾಂಪಲ್ ಬ್ಯಾಲಟ್ (ಮಾದರಿ ಮತಪತ್ರ) ತೆಗೆದು ಮನೆಯಲ್ಲೇ ಓದಿಕೊಳ್ಳಿ.

ಮೊದಲು ಬಾಂಡು ಯಾವ ಜಾತಿಯದು ನೋಡಿ. 'ರೆವೆನ್ಯೂ ಬಾಂಡ್' ಆದರೆ ಸಾಲ ತೀರುವುದು ನಮ್ಮ ಸೂವರ್ ಬಿಲ್ಲಿನಿಂದ. ಅರ್ಧಕ್ಕಿಂತ ಒಂದು ವೋಟು ಹೆಚ್ಚು ಬಿದ್ದರೂ ಪಾಸು. 'ಜನರಲ್ ಆಬ್ಲಿಗೇಷನ್' ಅಂತಿದ್ದರೆ ಮನೆ ತೆರಿಗೆಗೆ ಕೈ ಹಾಕುತ್ತಾರೆ, ಅದಕ್ಕೆ ಏಳರಲ್ಲಿ ನಾಲ್ಕು ಪಾಲಾದರೂ ವೋಟು ಬೇಕು. ಇಲ್ಲಿನ ಸೂವರ್ ಡಿಸ್ಟ್ರಿಕ್ಟ್ ಕೇಳುವುದು ಮೊದಲನೆಯದನ್ನು. ಸಿಟಿಗೂ ಕೌಂಟಿಯ ಬಹುಪಾಲಿಗೂ ಇರುವುದು 1954ರಲ್ಲಿ ಹುಟ್ಟಿದ ಈ ಒಂದೇ ಸಂಸ್ಥೆ.

ಎಲ್ಲರೂ ಎಡವುವುದು ಮುಂದಿನದರಲ್ಲಿ. 'ನೋ' ಅಂದರೆ ಕೆಲಸ ನಿಲ್ಲುತ್ತದೆ, ದುಡ್ಡು ಉಳಿಯುತ್ತದೆ ಅಂದುಕೊಳ್ಳುತ್ತಾರೆ. ಇಲ್ಲ. ಹಳೇ ಬಡಾವಣೆಗಳಲ್ಲಿ ಮಳೆನೀರು, ಕಕ್ಕಸುನೀರು ಎರಡೂ ಹರಿಯುವುದು ಒಂದೇ ಪೈಪಿನಲ್ಲಿ. ಜೋರು ಮಳೆಗೆ ಅದು ಉಕ್ಕಿ ರಿವರ್ ದ ಪೇರ್ ಅನ್ನುವ ಇಲ್ಲಿನ ಹೊಳೆಗೆ, ಅಲ್ಲಿಂದ ಮಿಸಿಸಿಪ್ಪಿಗೆ. ಇದನ್ನು ಸರಿಪಡಿಸುತ್ತೇವೆಂದು 2011ರಲ್ಲಿ ಕೇಂದ್ರದ ಪರಿಸರ ಇಲಾಖೆಯ ಜೊತೆ ಒಪ್ಪಂದವಾಯಿತು: 23 ವರ್ಷ, 470 ಕೋಟಿ ಡಾಲರ್ ಕೆಲಸ. ಕೋರ್ಟಿನ ಮುದ್ರೆ ಬಿದ್ದಿದೆ, ಮಾಡಲೇಬೇಕು. ಬಾಂಡು ಬಿದ್ದುಹೋದರೆ ಅದರಿಂದ ಬರಬೇಕಿದ್ದ ಹಣ ಈಗಿನ ಬಿಲ್ಲುಗಳಿಂದಲೇ ಏಳಬೇಕು.

ಹಾಗಾಗಿ ಎರಡು ಅಂಕಿ ಹುಡುಕಿ: ಬಾಂಡು ಪಾಸಾದರೆ ತಿಂಗಳ ಬಿಲ್ಲೆಷ್ಟು, ಬಿದ್ದರೆ ಎಷ್ಟು. ನಿಮ್ಮ ಬಿಲ್ಲನ್ನು ಪಕ್ಕದಲ್ಲಿಟ್ಟು ನೋಡಿ. ನಮ್ಮ ಬಳಗದ ರಾಯರೊಬ್ಬರು, 'ಸಾಲ ಮಾಡಿ ತುಪ್ಪ ತಿನ್ನೋದು ಬೇಡ, ಬಡ್ಡಿ ಯಾರಪ್ಪ ಕಟ್ಟೋರು?' ಅನ್ನುತ್ತಾರೆ. ಬಡ್ಡಿಯ ಮಾತು ಸುಳ್ಳಲ್ಲ. ಆದರೆ ಇಂದು ಕೊರೆಯುವ ಒಳಚರಂಡಿ ಸುರಂಗವನ್ನು ಮೊಮ್ಮಕ್ಕಳ ಕಾಲದವರೂ ಬಳಸುತ್ತಾರೆ. ಅವರೂ ಒಂದಿಷ್ಟು ಕಟ್ಟಲಿ ಅನ್ನುವವಳು ನಾನು. ಎರಡು ವರ್ಷಕ್ಕೆ ಮನೆ ಮಾರಿ ಹೋಗುವವರಿಗಂತೂ ಬಾಂಡೇ ಅಗ್ಗ (ಇದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ). ಬಾಡಿಗೆಯವರೂ ನಿರಾಳವಾಗಿರಬೇಡಿ, ಓನರ್ ಅದನ್ನು ಬಾಡಿಗೆಗೇ ಸೇರಿಸುತ್ತಾನೆ.

ಆ ದಿನ ಡ್ರೈವಿಂಗ್ ಲೈಸೆನ್ಸೋ ಅಮೆರಿಕದ ಪಾಸ್‌ಪೋರ್ಟೋ ಜೊತೆಗಿರಲಿ. ಸ್ಕೂಲ್ ಬೋರ್ಡಿನ ಹೆಸರುಗಳಿಗೆ ಗುರುತು ಹಾಕಿ ಎದ್ದುಬಿಡಬೇಡಿ. ಹಾಳೆ ತಿರುಗಿಸಿ, ಪ್ರಪೊಸಿಷನ್ (ಬಾಂಡಿನ ಪ್ರಶ್ನೆ) ಹಿಂದೆ ಇದ್ದರೂ ಇರಬಹುದು. ಬೂತು ಬೆಳಗ್ಗೆ 6ರಿಂದ ಸಂಜೆ 7ರವರೆಗೆ. ಏಳು ಹೊಡೆದಾಗ ಸಾಲಿನಲ್ಲಿದ್ದರೆ ವೋಟು ಹಾಕಲು ಬಿಡಲೇಬೇಕು.