ಮೆಚ್ಚಿದ ಫೋಟೊವನ್ನು ಬಿಚ್ಚಿ ನೋಡುವುದು

1966ರಲ್ಲಿ ಜೈಪುರಕ್ಕೆ ಬಂದಿದ್ದ ಫ್ರೆಂಚ್ ಛಾಯಾಗ್ರಾಹಕ ಹೆನ್ರಿ ಕಾರ್ಟಿಯರ್ ಬ್ರೆಸನ್ ಕೆಲಸ ಮಾಡುವುದನ್ನು, ಮುಂದೆ ತಾವೂ ಹೆಸರಾಂತ ಛಾಯಾಗ್ರಾಹಕರಾದ ಯುವಕ ರಘುಬೀರ್ ಸಿಂಗ್ ಕಣ್ಣಾರೆ ನೋಡಿದ್ದರು. ಬೀದಿಯ ಗಡಿಬಿಡಿಯನ್ನು ಒಂದೇ ಚೌಕಟ್ಟಿಗೆ ಕೂರಿಸುವ ಕಸುಬನ್ನು ಅವರಿಂದ ಕಲಿತರು. ಕಪ್ಪು-ಬಿಳುಪನ್ನು ಮಾತ್ರ ಮುಟ್ಟದೆ ಬಣ್ಣವನ್ನೇ ಹಿಡಿದರು. ಹೀಗೆ ಮೆಚ್ಚಿದವರಿಂದ ಏನನ್ನು ತೆಗೆದುಕೊಳ್ಳಬೇಕು, ಏನನ್ನು ಬಿಡಬೇಕು ಎನ್ನುವುದನ್ನು ಅಭ್ಯಾಸದಿಂದಲೇ ಕಲಿಯಬಹುದು.

ಒಬ್ಬರೇ ತೆಗೆದ ಹತ್ತು ಫೋಟೊ ಆರಿಸಿ. ಒಂದೊಂದಕ್ಕೂ ನಾಲ್ಕು ವಿಷಯ ಬರೆದುಕೊಳ್ಳಿ: ಬೆಳಕು ಯಾವ ಕಡೆಯಿಂದ, ಕ್ಯಾಮೆರಾ ಎಷ್ಟು ಎತ್ತರದಲ್ಲಿ, ಜನ ಎಷ್ಟು ದೂರದಲ್ಲಿ, ಅಂಚಿನಲ್ಲಿ ಏನು ತುಂಡಾಗಿದೆ. ನೆರಳಿನ ದಿಕ್ಕು ನೋಡಿದರೆ ಬೆಳಕಿನ ಗುಟ್ಟು ಸಿಗುತ್ತದೆ. ‘ಮೂಡ್ ಚೆನ್ನಾಗಿದೆ’ ಎಂದು ಬರೆದರೆ ಏನೂ ಪ್ರಯೋಜನವಿಲ್ಲ.

ಆಮೇಲೆ ಒಂದನ್ನು ಯಥಾವತ್ತಾಗಿ ನಕಲು ಮಾಡಿ. ನಾಚಿಕೆ ಬೇಡ, ಇದು ಅಕ್ಷರ ತಿದ್ದಿದ ಹಾಗೆ. ಮೂಲ ಫೋಟೊ 50 ಎಂಎಂ ಲೆನ್ಸಿನದಾದರೆ ಎಪಿಎಸ್-ಸಿ (ಸೆನ್ಸರ್ ಚಿಕ್ಕದಿರುವ) ಕ್ಯಾಮೆರಾಕ್ಕೆ 35 ಎಂಎಂ ಹಾಕಿ, ಮೊಬೈಲಿನಲ್ಲಿ 2ಎಕ್ಸ್. ಹೆಚ್ಚಿನವರು ಎಡವುವುದು ಇಲ್ಲೇ. ಮೊಬೈಲಿನ 1ಎಕ್ಸ್‌ನಲ್ಲೇ ಮುಖ ದೊಡ್ಡದಾಗಲೆಂದು ಹತ್ತಿರ ಹೋಗುತ್ತಾರೆ, ಮೂಗು ಉಬ್ಬುತ್ತದೆ, ಹಿಂದಿನ ಗೋಡೆ ದೂರ ಸರಿಯುತ್ತದೆ. ಈ ಪ್ರತಿಯನ್ನು ಯಾರಿಗಾದರೂ ತೋರಿಸುವುದಾದರೆ ಮೂಲ ಯಾರದೆಂದು ಹೇಳಿಯೇ ತೋರಿಸಿ.

ಮುಂದಿನ ಸುತ್ತಿನಲ್ಲಿ ಮೂಲ ಫೋಟೊದ ಒಂದು ಅಂಶವನ್ನು ಉಳಿಸಿ, ಎರಡನ್ನು ಬದಲಿಸಿ. ಬೆಂಗಳೂರಿನ ಕೆ.ಆರ್. ಮಾರುಕಟ್ಟೆಯ ಹೂರಾಶಿಯನ್ನು ಮೇಲಿನಿಂದ ತೆಗೆದ ಫೋಟೊ ಯಾರ ಬಳಿ ಇಲ್ಲ ಹೇಳಿ! ಹೂವನ್ನಷ್ಟೇ ಉಳಿಸಿಕೊಳ್ಳಿ. ಕೆಳಗೆ ಕೂತು, ಶಟರ್ 1/15 ಸೆಕೆಂಡಿಗೆ ಇಳಿಸಿ, ಮೊಳ ಹಾಕುವ ಕೈಗೆ ಗುರಿಯಿಡಿ. ಕೈ ಮಸುಕಾಗಿ ಹರಿಯುತ್ತದೆ, ಪಕ್ಕದ ಮಲ್ಲಿಗೆ ದಿಂಡು ಸ್ಪಷ್ಟವಾಗಿ ಕೂರುತ್ತದೆ. ಮೊಣಕೈಯನ್ನು ಮಂಡಿಗೆ ಒತ್ತಿ ಹಿಡಿಯದಿದ್ದರೆ ಎರಡೂ ಅಲುಗುತ್ತವೆ. 1/250ರಲ್ಲಿ ತೆಗೆದರೆ ಕೈ ಹೆಚ್ಚುಕಡಿಮೆ ಅಲ್ಲೇ ನಿಂತುಬಿಡುತ್ತದೆ. ಆ ಫೋಟೊ ಬೇರೆಯದೇ.

ದುಡ್ಡು ಕೊಟ್ಟು ಕೊಂಡ ಪ್ರಿಸೆಟ್ (ಫೋಟೊಗೆ ಒಂದೇ ಒತ್ತಿನಲ್ಲಿ ಹಚ್ಚುವ ಸಿದ್ಧ ಬಣ್ಣ-ಬೆಳಕಿನ ಹೊಂದಾಣಿಕೆ) ನಿಮ್ಮ ಶೈಲಿಯಾಗುವುದಿಲ್ಲ. ಸಂಜೆಬಿಸಿಲಿಗೆಂದು ಮಾಡಿದ್ದನ್ನು ಟ್ಯೂಬ್‌ಲೈಟ್ ಕೆಳಗಿನ ಮುಖಕ್ಕೆ ಹಾಕಿದರೆ ಚರ್ಮದ ಬಣ್ಣವೇ ಕೆಡುತ್ತದೆ, ಏಕೆಂದರೆ ಅದು ಲೆಕ್ಕಕ್ಕೆ ಹಿಡಿದ ಬೆಳಕೇ ಬೇರೆ. ಮೊದಲು ವೈಟ್ ಬ್ಯಾಲೆನ್ಸ್ (ಬಿಳಿ ಬಿಳಿಯಾಗಿಯೇ ಕಾಣುವ ಹೊಂದಾಣಿಕೆ), ಎಕ್ಸ್‌ಪೋಷರ್ (ಫೋಟೊ ಎಷ್ಟು ಬೆಳಗಿದೆ ಎನ್ನುವುದು) ಸರಿಪಡಿಸಿ.

ತಿಂಗಳ ಕೊನೆಗೆ ನೀವು ತೆಗೆದ 20 ಫೋಟೊಗಳನ್ನು 4x6 ಇಂಚಿಗೆ ಪ್ರಿಂಟ್ ಹಾಕಿಸಿ ನೆಲದ ಮೇಲೆ ಹರಡಿ, ಪಕ್ಕದಲ್ಲಿ ಆ ಹಳೆಯ ಟಿಪ್ಪಣಿ ಇರಲಿ. ನಾಲ್ಕೂ ವಿಷಯ ತಾಳೆಯಾದವನ್ನು ಪಕ್ಕಕ್ಕೆ ಎತ್ತಿಡಿ, ಅವು ಇನ್ನೂ ನಕಲೇ. ಉಳಿದವುಗಳಲ್ಲಿ, ಟಿಪ್ಪಣಿಯಲ್ಲಿ ಇಲ್ಲದ ಯಾವುದೋ ಒಂದು ಐದಾರು ಕಡೆ ಮರುಕಳಿಸಿದ್ದರೆ (ಬೆನ್ನು ತಿರುಗಿಸಿದವರು, ಅರ್ಧ ತೆರೆದ ಬಾಗಿಲು, ಏನೇ ಇರಲಿ) ಮುಂದಿನ ತಿಂಗಳು ಬೇಕೆಂದೇ ಅದರ ಬೆನ್ನು ಹತ್ತಿ.