ಬೆಲೆ ಬರೆಯದ ಚೀಟಿ

ಬೆಳಗಾವಿಯ ಖಡೇಬಜಾರಿಗೆ ಹೊಂದಿಕೊಂಡ ಗಲ್ಲಿಯೊಂದರಲ್ಲಿ ನಮ್ಮದು ಮಕ್ಕಳ ಬಟ್ಟೆಯ ಅಂಗಡಿ. ಕುಲಾವಿ, ಜಬಲಾ, ಲಂಗೋಟಿಯಿಂದ ಹಿಡಿದು ತೊಟ್ಟಿಲು, ಸೊಳ್ಳೆಪರದೆ, ತಳ್ಳುಗಾಡಿಯವರೆಗೆ ಇಡುತ್ತೇವೆ. ಮಾವನವರ ಕಾಲದಲ್ಲಿ ಗಲ್ಲಾದ ಹಿಂದೆ ಒಂದು ಹಲಗೆ ತೂಗುತ್ತಿತ್ತು: ‘ಮಾರಿದ ಮಾಲನ್ನು ವಾಪಸ್ ಪಡೆಯುವುದಿಲ್ಲ.’ ಕನ್ನಡ, ಮರಾಠಿ ಎರಡರಲ್ಲೂ ಬರೆಸಿದ್ದರು. ಅಂಗಡಿ ನನ್ನ ಕೈಗೆ ಬಂದ ಮೂರನೆಯ ವರ್ಷ ಅದನ್ನು ಇಳಿಸಿದೆ. ಇಳಿಸುವಂತೆ ಮಾಡಿದ್ದು ಒಂದು ಸೊಳ್ಳೆಪರದೆ.

ಆ ದಿನ ಬಂದವರು ಖಾನಾಪುರದ ಕಡೆಯ ಒಬ್ಬ ಅಜ್ಜಿ. ಮಗಳ ಮಗುವನ್ನು ತೊಟ್ಟಿಲಿಗೆ ಹಾಕಿದ ಮರುದಿನ ಅದು. ಛತ್ರಿಯಂತೆ ಬಿಚ್ಚಿ ಮಡಚುವ ಸೊಳ್ಳೆಪರದೆಗಳು ಉಡುಗೊರೆಯಾಗಿ ಮೂರು ಬಂದಿದ್ದವು; ಒಂದನ್ನು ಇಟ್ಟುಕೊಂಡು ಎರಡನ್ನು ತಂದಿದ್ದರು. “ಇವುಗಳ ಬದಲು ಕೂಸಿಗೆ ಬೇರೇನಾದರೂ ಕೊಡು ತಂಗಿ” ಎಂದರು. ಬಿಲ್ ಇರಲಿಲ್ಲ. ಇರುವುದಾದರೂ ಹೇಗೆ? ಆಹೇರ ಮಾಡುವವರು ಬೆಲೆಯ ಪಟ್ಟಿಯನ್ನು ಕಿತ್ತು ಹಾಕಿಯೇ ಕೊಡುತ್ತಾರೆ. ನಾನು ಬಿಲ್ ಪುಸ್ತಕ ತಿರುವಿ, ಕೊಂಡವರೊಬ್ಬರ ಮೊಬೈಲ್ ನಂಬರ್ ಹುಡುಕಿ, ಅಜ್ಜಿಯ ಎದುರಿಗೇ ಫೋನು ಮಾಡಿದೆ. ಆಕೆ ಮಗುವಿನ ಸೋದರತ್ತೆ. “ನಾನು ಕೊಟ್ಟದ್ದನ್ನು ಒಂದೇ ದಿನಕ್ಕೆ ಅಂಗಡಿಗೆ ಹೊತ್ತುಕೊಂಡು ಬಂದರೇನು?” ಎಂದು ಆಕೆ ಕೇಳಿದ್ದು ಅಜ್ಜಿಯ ಕಿವಿಗೂ ಬಿತ್ತು. ಅವರು ಪರದೆಗಳನ್ನು ಚೀಲಕ್ಕೆ ತುಂಬಿಕೊಂಡು, ಏನೂ ಹೇಳದೆ ಮೆಟ್ಟಿಲಿಳಿದು ಹೋದರು. ಬೀಗರ ನಡುವೆ ನಾನು ಹಚ್ಚಿದ ಆ ಕಿಡಿ ಆಮೇಲೆ ಎಷ್ಟು ದಿನ ಉರಿಯಿತೋ.

ಉಡುಗೊರೆಯ ಮಾಲು ವಾಪಸ್ ಬಂದರೆ ಗಿರಾಕಿ ಒಬ್ಬರಲ್ಲ, ಇಬ್ಬರು ಎಂಬುದು ಅಂದು ತಿಳಿಯಿತು. ದುಡ್ಡು ಕೊಟ್ಟವರು ಒಬ್ಬರು, ಎದುರಿಗೆ ನಿಂತವರು ಇನ್ನೊಬ್ಬರು. ಇಬ್ಬರ ಮಾನವನ್ನೂ ಕಾಯುವ ಹೊಣೆ ಅಂಗಡಿಯದು. ಕೊಟ್ಟವರಿಗೆ ಫೋನು ಮಾಡುವುದನ್ನು ಅಂದೇ ನಿಲ್ಲಿಸಿದೆ.

ಆಮೇಲೆ ಚೀಟಿಯ ಕೆಲಸಕ್ಕೆ ಕೈಹಾಕಿದೆ. ಬಿಲ್ ಮಾಡುವ ಮೊದಲೇ “ಮನೆಗೋ, ಆಹೇರಕ್ಕೋ?” ಎಂದು ಕೇಳುವುದನ್ನು ಗಲ್ಲಾದ ಹುಡುಗಿಗೆ ರೂಢಿ ಮಾಡಿಸಿದೆ. ಆಹೇರಕ್ಕೆ ಎಂದರೆ ಬೆಲೆ ಇರುವ ಬಿಲ್ ಕೊಂಡವರ ಕೈಗೆ. ಬಿಲ್ ನಂಬರ್ ಮತ್ತು ವಸ್ತುವಿನ ಹೆಸರು ಮಾತ್ರ ಇರುವ ಹಳದಿ ಚೀಟಿ ಪೊಟ್ಟಣದ ಒಳಗೆ. ಚೀಟಿಯ ಕೆಳಗೆ ಒಂದೇ ಸಾಲು: ‘ಅಳತೆ ಹೊಂದದಿದ್ದರೆ ಬದಲಿಸಿಕೊಡುತ್ತೇವೆ.’ ಈ ‘ಅಳತೆ’ ಎಂಬ ಮಾತನ್ನು ನಾನು ಬೇಕೆಂದೇ ಆರಿಸಿಕೊಂಡೆ. ‘ಇಷ್ಟವಾಗದಿದ್ದರೆ’ ಎಂದು ಬರೆದರೆ ಕೊಡುವವರೇ ಆ ಚೀಟಿಯನ್ನು ತೆಗೆದು ಹಾಕುತ್ತಾರೆ. ಅಳತೆ ಹೊಂದದಿರುವುದರಲ್ಲಿ ಯಾರ ತಪ್ಪೂ ಇಲ್ಲ. ಹೇಗೂ ಎಲ್ಲರೂ ಹುಟ್ಟಿದ ಕೂಸಿನ ಅಳತೆಯ ಬಟ್ಟೆಯನ್ನೇ ತರುತ್ತಾರೆ. ಮೂರು ತಿಂಗಳಿಗೆ ಅದು ತೋಳಿಗೇರುವುದಿಲ್ಲ.

ಅವಧಿಯಲ್ಲಿ ಎಡವಿದೆ. ಮೊದಲು ಬಿಲ್ ದಿನಾಂಕದಿಂದ 15 ದಿನ ಎಂದು ಇಟ್ಟಿದ್ದೆ. ಆದರೆ ಕೆಲವರು ಹನ್ನೆರಡು, ಹದಿಮೂರನೆಯ ದಿನಕ್ಕೆ ತೊಟ್ಟಿಲು ಕಟ್ಟಿದರೆ, ಕೆಲವರು ಬಾಣಂತಿಯನ್ನು ಗಂಡನ ಮನೆಗೆ ಕಳುಹಿಸುವ ಮುನ್ನ ಮೂರನೆಯ ತಿಂಗಳಲ್ಲಿ ಕಾರ್ಯ ಮಾಡುತ್ತಾರೆ. ಪೊಟ್ಟಣ ಬಿಚ್ಚುವ ಹೊತ್ತಿಗೆ ಗಡುವೇ ಮುಗಿದಿರುತ್ತಿತ್ತು. ಈಗ 90 ದಿನ ಕೊಡುತ್ತೇನೆ.

ಬದಲಿಸುವಾಗ ಬೆಲೆ ಬಯಲಾಗುವುದು ಇನ್ನೊಂದು ಕಷ್ಟ. “ಇನ್ನೂ ನಲವತ್ತು ರೂಪಾಯಿ ಕೊಡಿ” ಎಂದ ಕೂಡಲೇ ಅತ್ತಿಗೆ ತಂದದ್ದು ಎಷ್ಟರದು ಎಂದು ಲೆಕ್ಕ ಹಾಕಿಬಿಡುತ್ತಾರೆ. ಅದಕ್ಕೆ ಮಾಲನ್ನು ಬೆಲೆಯ ಪ್ರಕಾರ ಸಾಲು ಸಾಲಾಗಿ ಜೋಡಿಸಿದ್ದೇನೆ. ಚೀಟಿಯ ನಂಬರ್ ನೋಡಿ, “ಈ ಸಾಲಿನಲ್ಲಿ ಯಾವುದನ್ನಾದರೂ ಆರಿಸಿಕೊಳ್ಳಿ ವೈನಿ” ಎನ್ನುತ್ತೇನೆ. ಕೊಂಡವರು ತೆತ್ತ ಬೆಲೆಯೇ ಲೆಕ್ಕಕ್ಕೆ. 2025ರ ಸೆಪ್ಟೆಂಬರ್ 22ರಂದು ಡೈಪರಿನ ಜಿಎಸ್‌ಟಿ 12ರಿಂದ 5 ಪ್ರತಿಶತಕ್ಕೆ ಇಳಿದಾಗಲೂ ಹಳೆಯ ಚೀಟಿಗೆ ಹಳೆಯ ಬೆಲೆಯನ್ನೇ ಹಿಡಿದೆ.

ಬಂದ ಬಟ್ಟೆಯನ್ನು ಪರೀಕ್ಷಿಸುವುದನ್ನು ಮಾತ್ರ ಬೇರೆಯವರಿಗೆ ಬಿಡುವುದಿಲ್ಲ. ಮೊದಮೊದಲು ಮೂಗಿನ ಹತ್ತಿರ ಹಿಡಿದು ಲೋಬಾನದ ವಾಸನೆ ಬಂದರೆ ಬಳಸಿದ್ದಾರೆ ಎಂದುಕೊಳ್ಳುತ್ತಿದ್ದೆ. ಅದು ಅನ್ಯಾಯ. ಬಾಣಂತಿಯ ಕೋಣೆಯಲ್ಲಿ ಒಂದು ವಾರ ಇಟ್ಟರೆ ಬಿಚ್ಚದ ಪೊಟ್ಟಣಕ್ಕೂ ಹೊಗೆ ಹತ್ತುತ್ತದೆ. ಬಿಸಿಲಿಗೆ ಹಾಕಿದರೆ ಹೋಗುತ್ತದೆ. ನಿಜವನ್ನು ಹೇಳುವುದು ಜಬಲಾದ ಕಸೆ. ಕಾರ್ಖಾನೆಯಿಂದ ಬಂದ ಕಸೆ ಇಸ್ತ್ರಿಯ ಕೆಳಗೆ ಚಪ್ಪಟೆಯಾಗಿ ಮಲಗಿರುತ್ತದೆ. ಒಮ್ಮೆ ಗಂಟು ಹಾಕಿ ಬಿಚ್ಚಿದರೆ ನಡುವೆ ಒಂದು ಸುಕ್ಕು ಉಳಿಯುತ್ತದೆ, ಎಷ್ಟು ತೀಡಿದರೂ ಹೋಗುವುದಿಲ್ಲ. ಟಿಚ್ ಗುಂಡಿಯಾದರೆ ಒತ್ತಿದ ಕಡೆ ಬಟ್ಟೆಯಲ್ಲಿ ತೆಳುವಾದ ಉಂಗುರ ಮೂಡುತ್ತದೆ. ಕಾಡಿಗೆಯ ಕಲೆ ಕುತ್ತಿಗೆಯ ಒಳಮಗ್ಗುಲಲ್ಲಿ ಸಿಗುತ್ತದೆ. ಒಮ್ಮೆ ಕೂಸಿನ ಮೈಮೇಲೆ ಬಿದ್ದ ಬಟ್ಟೆಯನ್ನು ಇನ್ನೊಂದು ಕೂಸಿಗೆ ಹೊಸದೆಂದು ಮಾರುವುದಿಲ್ಲ. ಅಂಥದ್ದನ್ನು ಸುಕ್ಕು ತೋರಿಸಿ, ಮೆಲ್ಲಗೆ ಹೇಳಿ ಮರಳಿ ಕೊಡುತ್ತೇನೆ. ಒಡೆದ ಡೈಪರ್ ಪೊಟ್ಟಣವನ್ನೂ ತೆಗೆದುಕೊಳ್ಳುವುದಿಲ್ಲ.

ಇದೆಲ್ಲ ಕೆಡದ ಮಾಲಿನ ಮಾತು. ಕೆಡದ ಮಾಲನ್ನು ಬದಲಿಸಬೇಕೆಂದು ಕಾನೂನು ಅಂಗಡಿಯನ್ನು ಒತ್ತಾಯಿಸುವುದಿಲ್ಲ. ಅಂಗಡಿ ಕೊಟ್ಟ ಮಾತೇ ಅಲ್ಲಿ ಆಧಾರ. ದೋಷವಿದ್ದರೆ ಕಥೆಯೇ ಬೇರೆ. ಬೈಲಹೊಂಗಲದ ಒಬ್ಬ ತಂದೆ ಮಾವ ಕೊಡಿಸಿದ ತಳ್ಳುಗಾಡಿಯನ್ನು ಇಪ್ಪತ್ತನೆಯ ದಿನ ತಂದರು. ಚಕ್ರದ ಬ್ರೇಕ್ ಹಾಕಿದರೂ ಗಾಡಿ ಇಳಿಜಾರಿನಲ್ಲಿ ಮೆಲ್ಲಗೆ ಜಾರುತ್ತಿತ್ತು. ತಯಾರಕರ ಏಜೆಂಟರು ದುರಸ್ತಿಗೆ ಕಳುಹಿಸಿ, ತಿಂಗಳಾಗುತ್ತದೆ ಎಂದರು. ನಾನು ಕಾಯಲಿಲ್ಲ, ಹಣ ಮರಳಿಸಿದೆ. 2020ರ ಜುಲೈ 20ರಿಂದ ಜಾರಿಯಲ್ಲಿರುವ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ, ದೋಷವಿರುವ ಮಾಲನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ, ಅವಧಿ ಹೇಳದಿದ್ದರೆ 30 ದಿನದೊಳಗೆ, ವಾಪಸ್ ಪಡೆದು ಹಣ ಕೊಡಲು ನಿರಾಕರಿಸುವುದು ಅನುಚಿತ ವ್ಯಾಪಾರ. ಮಾವನವರ ಹಲಗೆ ಆ ಮಾತಿನ ಮುಂದೆ ನಿಲ್ಲುವುದಿಲ್ಲ. ಅದೇ ಕಾಯ್ದೆ ಕೊಂಡವರ ಒಪ್ಪಿಗೆಯಿಂದ ವಸ್ತುವನ್ನು ಬಳಸುವವರನ್ನೂ ಗ್ರಾಹಕರೆಂದೇ ಎಣಿಸುತ್ತದೆ. ಆದ್ದರಿಂದ ಉಡುಗೊರೆ ಪಡೆದವರಿಗೆ “ನೀವು ಕೊಂಡವರಲ್ಲ” ಎಂದು ಹೇಳಲು ಯಾವ ಅಂಗಡಿಗೂ ಬಾಯಿಲ್ಲ. ಬೇರೆ ಅಂಗಡಿಯಲ್ಲಿ ಮೋಸ ಹೋಗಿ ನನ್ನ ಬಳಿ ಬಂದು ಗೋಳಾಡುವವರಿಗೆ 1915 ಎಂಬ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ನಂಬರ್ ಬರೆದುಕೊಡುತ್ತೇನೆ.

ವಾಪಸ್ ಬರುವುದನ್ನೇ ಕಡಿಮೆ ಮಾಡಲು ಒಂದು ಪಟ್ಟಿಯ ವಹಿ ತೆರೆದಿದ್ದೇನೆ. ಏನೇನು ಬೇಕೆಂದು ಮನೆಯವರು ಬರೆಸುತ್ತಾರೆ. ನೆಂಟರು ಬಂದು ಇಂಥವರ ಮನೆಯ ಕೂಸಿಗೆ ಎಂದರೆ ಹುಡುಗಿ ಆ ಪುಟ ತೆರೆಯುತ್ತಾಳೆ, ಕೊಂಡದ್ದಕ್ಕೆ ಗೆರೆ ಎಳೆಯುತ್ತಾಳೆ. ವಿದೇಶಗಳಲ್ಲಿ ಇಂಥ ಪಟ್ಟಿಯನ್ನು ಹೆರಿಗೆಗೆ ಮೊದಲೇ ಮಾಡುತ್ತಾರಂತೆ. ನಮ್ಮಲ್ಲಿ ಕೂಸು ಕಣ್ಣು ಬಿಡುವ ಮೊದಲು ಅದರ ಬಟ್ಟೆ ಕೊಳ್ಳಲು ಹಿರಿಯರು ಒಪ್ಪುವುದಿಲ್ಲ. ಬಸುರಿಗೆ ಮಾಡುವ ಕುಬಸದಲ್ಲಿ ಬರೆಸಿ ಎಂದು ನಾನೂ ಒತ್ತಾಯಿಸುವುದಿಲ್ಲ. ಹೆರಿಗೆಯಾದ ಸುದ್ದಿ ಬಂದ ಮೇಲೆಯೇ ಪುಟ ಬರೆಯುತ್ತೇನೆ. ಎಂಬತ್ತು ರೂಪಾಯಿಯ ವಸ್ತುಗಳು ಪುಟದಲ್ಲಿ ಇರಲೇಬೇಕು ಎಂಬುದು ನನ್ನ ಹಟ. ಬರೀ ತೊಟ್ಟಿಲು, ತಳ್ಳುಗಾಡಿ ಬರೆಸಿದರೆ ಕೈ ಸಣ್ಣದಿರುವ ಚಿಕ್ಕಮ್ಮ ಅಂಗಡಿಯ ಬಾಗಿಲಿನಿಂದಲೇ ತಿರುಗಿ ಹೋಗುತ್ತಾಳೆ. ಹಾಲಿನ ಬಾಟಲಿಯನ್ನು ಪಟ್ಟಿಗೆ ಸೇರಿಸುವುದಿಲ್ಲ. 1992ರ ಕಾಯ್ದೆ ಹಾಲಿನ ಪುಡಿ, ಬಾಟಲಿಗಳ ಪ್ರಚಾರವನ್ನು ನಿಷೇಧಿಸಿದೆ, ನನಗೂ ಅದು ಸರಿಯೆನಿಸುತ್ತದೆ.

ಜೂನ್, ಜುಲೈ ಬಂತೆಂದರೆ ವಹಿಯ ಪ್ರತಿ ಪುಟದ ಮೇಲ್ಗಡೆ ಲಂಗೋಟಿ ಎಂದೇ ಇರುತ್ತದೆ. ಬೆಳಗಾವಿಯ ಮಳೆಯಲ್ಲಿ ನೂಲಿನ ಬಟ್ಟೆ ಮೂರು ದಿನವಾದರೂ ಒಣಗುವುದಿಲ್ಲ. ಜರಿಯ ಫ್ರಾಕುಗಳನ್ನು ತಂದು ಡಜನ್‌ಗಟ್ಟಲೆ ಲಂಗೋಟಿ ಒಯ್ಯುವ ಅಜ್ಜಿಯರನ್ನು ಕಂಡರೆ ನನಗೆ ತುಂಬ ಗೌರವ.

ಖಾನಾಪುರದ ಆ ಅಜ್ಜಿ ಮತ್ತೆ ಬಂದಿಲ್ಲ. ಸೋದರತ್ತೆಗೆ ಫೋನು ಮಾಡಿ ವಿಳಾಸ ಕೇಳಿದರೆ ಆರಿದ ಗಾಯವನ್ನು ಕೆದಕಿದಂತೆ ಎಂದು ಸುಮ್ಮನಿದ್ದೇನೆ. ಎರಡು ಸೊಳ್ಳೆಪರದೆಗಳ ಬೆಲೆ ‘ಖಾನಾಪುರದ ಅಜ್ಜಿ’ ಎಂಬ ಹೆಸರಿನಲ್ಲಿ ನನ್ನ ವಹಿಯಲ್ಲಿ ಜಮೆಯಾಗಿದೆ. ಪ್ರತಿ ವರ್ಷ ಹೊಸ ವಹಿ ತೆರೆದಾಗ ಆ ಸಾಲನ್ನು ಮೊದಲ ಪುಟಕ್ಕೆ ಇಳಿಸಿಕೊಳ್ಳುತ್ತೇನೆ.